ಶ್ರುತಿ ಹಿಡಿದವಳು

"ಏಯ್, ನಿಲ್ಲಿಸಿ ನಿಲ್ಲಿಸಿ! ಅಕ್ಷಿತಾ ಆಯ್ತು. ಮೊದಲಿಂದ ಹೇಳುವ."

ಸಭಾಭವನದ ಕಿಟಕಿಯಿಂದ ಈ ಮಾತು ಕೇಳಿದಾಗ ಅಕ್ಷಿತಾ ಲೈಬ್ರರಿಯ ಕೌಂಟರಿನಲ್ಲಿ ಕೂತು ಹಳೆಯ ಪುಸ್ತಕಗಳಿಗೆ ನಂಬರು ಅಂಟಿಸುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು, ಮತ್ತೆ ಕೆಲಸಕ್ಕೆ ಹೊರಟಿತು. ಹಾಡುವ ಮಕ್ಕಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದು ಒಬ್ಬ ಹುಡುಗಿಯ ಹೆಸರಾಗಿತ್ತು, ಆ ಹುಡುಗಿ ಈಗ ತಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಿದ್ದಾಳೆ ಎಂದು ಅವರಿಗೆಲ್ಲಿ ಗೊತ್ತು? ಅವರ ಪಾಲಿಗೆ ಅವಳು ಲೈಬ್ರರಿ ಮೇಡಂ. 'ಅಕ್ಷಿತಾ ಆಗುವುದು' ಎಂದರೆ ಹಾಡುತ್ತಾ ಹಾಡುತ್ತಾ ಶ್ರುತಿ ಕೆಳಗಿಳಿಯುವುದು. ಸೀನಿಯರುಗಳಿಂದ ಕಲಿತ ಮಾತು, ಅವರು ತಮ್ಮ ಸೀನಿಯರುಗಳಿಂದ ಕಲಿತದ್ದು.

ಸುಳ್ಯದ ಆ ಕಾಲೇಜಿನಲ್ಲಿ 'ಬರಿಗಂಟಲು' ಎಂಬ ಹಾಡಿನ ತಂಡ ಹುಟ್ಟಿ ಇಪ್ಪತ್ತೈದು ವರ್ಷವಾಗಿತ್ತು. ಹುಟ್ಟಿಸಿದ ಪುಣ್ಯ ಇಲಿಗಳಿಗೆ ಸೇರಬೇಕು. ಕಾಲೇಜಿನ ಒಂದೇ ಒಂದು ಹಾರ್ಮೋನಿಯಂ ಬೇಸಿಗೆ ರಜೆಯಲ್ಲಿ ಆಟದ ಸಾಮಾನಿನ ಕೋಣೆಯಲ್ಲಿ ಉಳಿದುಹೋಗಿ, ಅವು ಅದರ ತಿದಿಯನ್ನು ತಿಂದು ಮುಗಿಸಿದ್ದವು. ಸ್ಪರ್ಧೆಗೆ ಎರಡೇ ದಿನ. ಹಾಡಲು ಹೊರಟಿದ್ದ ಮಕ್ಕಳು ಅಳುಮುಖ ಮಾಡಿ ನಿಂತಾಗ ಸಸ್ಯಶಾಸ್ತ್ರದ ಧರ್ಮಪಾಲ ಸರ್ ಕೇಳಿದರಂತೆ: "ಇಲಿ ನಿಮ್ಮ ಗಂಟಲು ತಿಂದಿದೆಯಾ?" ಇಲ್ಲ ಸರ್. "ಹಾಗಾದರೆ ಹಾಡಿ."

ಅಂದಿನಿಂದ ಅವರದು ವಾದ್ಯವಿಲ್ಲದ ಹಾಡು. ಎಂಟು ಜನ, ಎಂಟು ಗಂಟಲು. ಒಬ್ಬ ಬಾಯಲ್ಲೇ ತಾಳ ಹೊಡೆಯಬೇಕು, ಐದು ಜನ ಕೊಳಲು ಪಿಟೀಲು ಎಲ್ಲ ಆಗಬೇಕು, ಒಬ್ಬ ಮುಂದೆ ನಿಂತು ಹಾಡಬೇಕು. ಮತ್ತೆ ಒಬ್ಬರು ಹಿಂದಿನ ಸಾಲಿನ ಎಡಮೂಲೆಯಲ್ಲಿ ನಿಂತು, ಮೊದಲಿಂದ ಕೊನೆಯವರೆಗೆ ಬಾಯಿ ಮುಚ್ಚಿಕೊಂಡು 'ಮ್' ಎಂದು ಶ್ರುತಿ ಹಿಡಿಯಬೇಕು. ಅವರಿಗೆ ಸಾಹಿತ್ಯವಿಲ್ಲ, ಚಪ್ಪಾಳೆಯಿಲ್ಲ. ಆದರೆ ನಿಯಮ ಒಂದೇ: ಎಲ್ಲರೂ ಅವರನ್ನೇ ನಂಬಬೇಕು, ತಮ್ಮ ಕಿವಿಗಿಂತ ಹೆಚ್ಚು ನಂಬಬೇಕು.

ಮೂರು ವರ್ಷ ಆ ಎಡಮೂಲೆ ಅಕ್ಷಿತಾಳದ್ದಾಗಿತ್ತು. ಮುಂದೆ ನಿಂತು ಹಾಡುತ್ತಿದ್ದವನು ಯತಿನ್.

ಅದೇ ಯತಿನ್ ಈಗ ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದ.

"ಎಂತ ಪೆಟ್ಟಿಗೆ, ಗುರ್ತ ಸಿಕ್ಕಿತಾ?"

ಶ್ರುತಿಪೆಟ್ಟಿಗೆ. ಮೊದಲ ವರ್ಷದಲ್ಲೇ ಅವನು ಇಟ್ಟ ಹೆಸರು. ಹನ್ನೆರಡು ವರ್ಷದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಅವನ ಕಿವಿಯ ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು ಬಂದಿತ್ತು. ನಗುವಾಗ ಎಡಗಣ್ಣು ಸ್ವಲ್ಪ ಹೆಚ್ಚೇ ಸಣ್ಣದಾಗುವುದು ಮಾತ್ರ ಹಾಗೆಯೇ ಇತ್ತು. ಅದನ್ನು ನೋಡಿದ ಕೂಡಲೆ ತನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು ಎಂದು ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಲೈಬ್ರರಿಯಲ್ಲಿ ಮೆಲ್ಲ ಮಾತಾಡ್ಬೇಕು," ಎಂದಳು.

"ಮೆಲ್ಲವೇ ಹೇಳಿದ್ದಲ್ವಾ ಮಾರಾಯ್ತಿ. ಹಿಸ್ಟರಿ ಬರೆದು ತಂದಿದ್ದೇನೆ. ಧರ್ಮಪಾಲ ಸರ್ ಹೇಳಿದ್ರು, ನಾನು ಬರೆಯುದು, ನೀನು ನೋಡಿ ಪ್ರೆಸ್ಸಿಗೆ ಕೊಡುದು ಅಂತ."

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಬರಿಗಂಟಲಿನ ಇತಿಹಾಸ. ಹದಿನಾಲ್ಕು ಪುಟ. ಅವನು ಕೌಂಟರಿನ ಮೇಲಿಟ್ಟ ಫೈಲನ್ನು ಅವಳು ಎಳೆದುಕೊಂಡಳು. ಬೆರಳು ತಾಗಿತು. ತಾಗಲಿ ಎಂದೇ ಅವನು ಫೈಲಿನ ಮೇಲೆ ಕೈಯಿಟ್ಟದ್ದು ಎಂದು ಇಬ್ಬರಿಗೂ ಗೊತ್ತಿತ್ತು.

"ನೀನು ಓದು. ನಾನು ಹಳೆ ಹಾಲ್ ಎಲ್ಲ ಒಮ್ಮೆ ನೋಡಿ ಬರ್ತೇನೆ. ಆಮೇಲೆ ಚಾ ಕುಡಿಲಿಕ್ಕೆ ಹೋಗುವ. ಒಂದು ಮಾತುಂಟು ನಿನ್ನ ಹತ್ರ."

ಒಂದು ಮಾತು. ಅವನು ಹೋದ ಮೇಲೂ ಅವಳು ಆ ಎರಡು ಪದದಲ್ಲೇ ಸ್ವಲ್ಪ ಹೊತ್ತು ಕೂತಿದ್ದಳು.

ಬರಿಗಂಟಲಿನ ಆ ದಿನಗಳೇ ಹಾಗಿದ್ದವು. ವೇದಿಕೆಗೆ ಹತ್ತುವ ಮೊದಲು ಎಲ್ಲರೂ ಪರದೆಯ ಹಿಂದೆ ಸಾಲಾಗಿ ನಿಲ್ಲುತ್ತಿದ್ದರು. ಅಕ್ಷಿತಾ ಒಬ್ಬೊಬ್ಬರ ಕಿವಿಯ ಹತ್ತಿರ ಬಗ್ಗಿ 'ಮ್' ಎಂದು ಶ್ರುತಿ ಕೊಟ್ಟು ಬರಬೇಕು, ಅದು ತಂಡದ ಪದ್ಧತಿ. ಸಾಲಿನ ಕೊನೆಗೆ ಯತಿನ್. ಅವನಿಗೆ ಒಮ್ಮೆಗೆ ಕೇಳಿದ್ದೇ ಇಲ್ಲ.

"ಇನ್ನೊಮ್ಮೆ," ಎನ್ನುತ್ತಿದ್ದ.

ಅವಳು ಇನ್ನೊಮ್ಮೆ ಬಗ್ಗುತ್ತಿದ್ದಳು. ಅವನ ಶರ್ಟಿನ ಕಾಲರಿಗೆ ಇಸ್ತ್ರಿಯ ಬಿಸಿ ವಾಸನೆ ಇರುತ್ತಿತ್ತು.

"ಇಲ್ಲ, ಸಿಗ್ಲಿಲ್ಲ. ಇನ್ನೊಮ್ಮೆ."

"ಇವನ ಕಿವಿ ಡಾಕ್ಟ್ರಿಗೆ ತೋರಿಸುವ ಮಾರಾಯ," ಎಂದು ಪಕ್ಕದಲ್ಲಿದ್ದ ಫಯಾಝ್ ನಗುತ್ತಿದ್ದ. ಬಾಯಲ್ಲಿ ತಾಳ ಹೊಡೆಯುತ್ತಿದ್ದವನು ಅವನು. "ನಮಗೆಲ್ಲ ಒಂದು ಸಲ, ಇವನಿಗೆ ಮಾತ್ರ ಮೂರು ಸಲ. ಎಂತ ನ್ಯಾಯ ಇದು?"

ಆ ಮೂರನೆಯ ಸಲಕ್ಕಾಗಿ ಅಕ್ಷಿತಾ ಇಡೀ ವಾರ ಕಾಯುತ್ತಿದ್ದಳು. ಪ್ರೀತಿ ಎಂದು ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಅವಳಿಗೆ ಕಂಡಿರಲಿಲ್ಲ.

ಆದರೆ ಎರಡನೆಯ ವರ್ಷದಲ್ಲಿ ಅವಳಿಗೊಂದು ವಿಷಯ ಗೊತ್ತಾಯಿತು. ಯತಿನ್ ಮೇಲಿನ ಸ್ವರಕ್ಕೆ ಹೋಗಿ ಬರುವಾಗ ಸ್ವಲ್ಪ ಹೆಚ್ಚು ಇಳಿದುಬಿಡುತ್ತಾನೆ. ಕೂದಲೆಳೆಯಷ್ಟು. ಬೇರೆ ಯಾರಿಗೂ ಗೊತ್ತಾಗದು, ಶ್ರುತಿ ಹಿಡಿದವಳಿಗೆ ಗೊತ್ತಾಗದೆ ಇರದು. ಅವಳು ತನ್ನ ಜಾಗದಲ್ಲೇ ಗಟ್ಟಿಯಾಗಿ ನಿಂತರೆ ಅವನ ಸ್ವರ ಒಡೆದು ಕಾಣುತ್ತದೆ, ಇಡೀ ಸಭೆಗೆ ಕಾಣುತ್ತದೆ. ಒಂದು ಮರದ ದಿಮ್ಮಿಯನ್ನು ಇಬ್ಬರು ಹೊತ್ತಾಗ ಮುಂದಿನವನು ಬಗ್ಗಿದರೆ ಹಿಂದಿನವಳೂ ಬಗ್ಗುತ್ತಾಳಲ್ಲ, ಹಾಗೆ ಅವಳೂ ಇಳಿದಳು. ಅವಳು ಇಳಿದಳೆಂದು ಅವಳನ್ನು ನಂಬಿದ ಉಳಿದ ಆರು ಮಂದಿಯೂ ಇಳಿದರು. ಎಲ್ಲರೂ ಒಟ್ಟಿಗೆ ಇಳಿದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಹಾಡು ಚಂದವಾಗಿಯೇ ಮುಗಿಯುತ್ತದೆ.

ಯತಿನ್‌ಗೆ ಊರಿಡೀ ಒಳ್ಳೆಯ ಹೆಸರು ಬಂತು. ಆ ಹುಡುಗನಿಗೆ ಶ್ರುತಿ ತಪ್ಪುವುದೇ ಇಲ್ಲ ಎಂದು ಪುತ್ತೂರಿನವರೂ ಹೇಳಿದರು. ಅಕ್ಷಿತಾ ಎಡಮೂಲೆಯಲ್ಲಿ ನಿಂತು ಅದನ್ನು ಕೇಳಿ ಹಿಗ್ಗಿದಳು. ಅವನಿಗೇ ಗೊತ್ತಿಲ್ಲದಂತೆ ಅವನಿಗೊಂದು ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಳು. ಹತ್ತೊಂಬತ್ತರ ಹುಡುಗಿಗೆ ಅದಕ್ಕಿಂತ ದೊಡ್ಡ ಪ್ರೀತಿ ಬೇರೆ ಇದೆ ಎಂದು ಯಾರು ಹೇಳಿಕೊಡಬೇಕು?

2014ರಲ್ಲಿ ಮಂಗಳೂರಿನಲ್ಲಿ ಅಂತರ ಕಾಲೇಜು ಸ್ಪರ್ಧೆಯ ಅಂತಿಮ ಸುತ್ತು. ಗೆದ್ದರೆ ದೆಹಲಿ. ಅಂದು ಯತಿನ್ ಎಂದಿಗಿಂತ ಮೇಲೆ ಹೋದ, ಎಂದಿಗಿಂತ ಹೆಚ್ಚು ಇಳಿದ. ಎರಡು ಸಲ ಇಳಿದ. ಅಕ್ಷಿತಾ ಎರಡು ಸಲವೂ ಅವನ ಜೊತೆಗೆ ಹೋದಳು. ಹಾಡು ಮುಗಿದು ಚಪ್ಪಾಳೆ ಬೀಳುತ್ತಿರುವಾಗಲೇ ತೀರ್ಪುಗಾರರಲ್ಲೊಬ್ಬರು ತಮ್ಮ ಮುಂದಿದ್ದ ಕೀಬೋರ್ಡಿನ ಒಂದು ಮನೆ ಒತ್ತಿ, ಮತ್ತೆ ಅದರ ಪಕ್ಕದ್ದನ್ನೂ ಒತ್ತಿ ತೋರಿಸಿದರು.

"ಶುರು ಮಾಡಿದ್ದು ಇಲ್ಲಿ. ಮುಗಿಸಿದ್ದು ನೋಡಿ, ಇಲ್ಲಿ. ಅರ್ಧ ಸ್ವರ ಕೆಳಗೆ. ಈ ತಂಡದ ಶ್ರುತಿ ಯಾರು?"

ಅಕ್ಷಿತಾ ಕೈ ಎತ್ತಿದಳು. ಎರಡನೆಯ ಬಹುಮಾನವೂ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಧರ್ಮಪಾಲ ಸರ್ ಬೈಯಲಿಲ್ಲ. ಕೇಳಿದ್ದು ಇಷ್ಟೇ: "ಯಾರು ಮೊದಲು ಜಾರಿದ್ದು?"

ಫಯಾಝ್ ಎದ್ದು ನಿಂತು, "ಅಕ್ಷಿತಾ ಜಾರುವವಳಲ್ಲ ಸರ್, ಮೂರು ವರ್ಷದಿಂದ ನೋಡ್ತಾ ಇದ್ದೇನೆ," ಎಂದ. ಎಲ್ಲರೂ ಯತಿನ್‌ನ ಮುಖ ನೋಡಿದರು. ಅಕ್ಷಿತಾಳೂ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ.

"ಶ್ರುತಿಯೇ ಇಳಿದ್ರೆ ನಾನು ಎಂತ ಮಾಡುದು ಸರ್?"

ಅವನಿಗೆ ಗೊತ್ತಿಲ್ಲ, ಪಾಪ ಎಂದು ಅವಳು ಅಂದುಕೊಂಡಳು. ನಿಜ ಹೇಳಿದರೆ ಅವನು ಇನ್ನು ಜನ್ಮದಲ್ಲಿ ಹಾಡಲಿಕ್ಕಿಲ್ಲ ಎಂದುಕೊಂಡಳು. "ಹೌದು ಸರ್, ನಂದೇ ತಪ್ಪು," ಎಂದಳು. ಫಯಾಝ್ ಅವಳನ್ನೇ ನೋಡುತ್ತಾ ಕೂತುಬಿಟ್ಟ. ಮರುವಾರದಿಂದ ಅವಳು ಅಭ್ಯಾಸಕ್ಕೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಯತಿನ್ ಎರಡು ಸಲ ಫೋನ್ ಮಾಡಿದ, ಮೂರನೆಯ ಸಲ ಮಾಡಲಿಲ್ಲ.

ಆಮೇಲೆ ಬಂದ ನಾಲ್ಕು ಸಂಬಂಧಗಳನ್ನು ಅವಳು ಏನೋ ಒಂದು ನೆವ ಹೇಳಿ ತಳ್ಳಿದಳು. ಅಡಿಗೆ ಮಾಡುವಾಗ ಕೂಡ ಒಂದು ಸಾಲು ಗುನುಗಲಿಲ್ಲ. ಎಂದಾದರೂ ಅವನಿಗೆ ಗೊತ್ತಾಗುತ್ತದೆ, ಗೊತ್ತಾದ ದಿನ ಓಡಿ ಬರುತ್ತಾನೆ. ಅವಳ ಹನ್ನೆರಡು ವರ್ಷ ನಿಂತದ್ದು ಈ ಒಂದು ನಂಬಿಕೆಯ ಮೇಲೆ.

ಈಗ ಅವಳು ಫೈಲು ತೆರೆದು ಓದಿದಳು. ಅವನು ಚೆನ್ನಾಗಿಯೇ ಬರೆದಿದ್ದ. ಇಲಿಯ ಕಥೆ, ಧರ್ಮಪಾಲ ಸರ್ ಅಭ್ಯಾಸಕ್ಕೆ ಬಿಡದೆ ತರುತ್ತಿದ್ದ ಛತ್ರಿ, ಈಗ ಶಾರ್ಜಾದಲ್ಲಿರುವ ಫಯಾಝ್‌ನ ಬಾಯಿತಾಳ, ಯಾವುದನ್ನೂ ಬಿಟ್ಟಿರಲಿಲ್ಲ. ಒಂಬತ್ತನೆಯ ಪುಟದ ನಡುವೆ ಒಂದು ಸಾಲು: '2014ರಲ್ಲಿ ಶ್ರುತಿ ಹಿಡಿದವರು ಜಾರಿದ ಕಾರಣ ತಂಡದ ಕೈಗೆ ಬಂದ ಪ್ರಶಸ್ತಿ ತಪ್ಪಿಹೋಯಿತು.'

ಹತ್ತನೆಯ ಪುಟದಲ್ಲಿ ವರ್ಷವಾರು ತಂಡದ ಪಟ್ಟಿ. 2014. ಶ್ರುತಿ: ಅಕ್ಷಿತಾ.

ಬಾಯಿಮಾತಿನಲ್ಲಿ ಇಷ್ಟು ವರ್ಷ ಓಡಾಡಿದ್ದು ಇನ್ನು ಅಚ್ಚಾಗುತ್ತದೆ. ಪುಸ್ತಕವಾಗಿ ಇದೇ ಲೈಬ್ರರಿಗೆ ಬರುತ್ತದೆ, ಅದಕ್ಕೆ ನಂಬರು ಅಂಟಿಸುವವಳೂ ಅವಳೇ. ಇವತ್ತು ಹೇಳಿಬಿಡುತ್ತೇನೆ ಎಂದು ಅಕ್ಷಿತಾ ನಿಶ್ಚಯ ಮಾಡಿದಳು. ಅವನು ಕೇಳಿ ಕಲ್ಲಾಗಿ ಕೂರಬಹುದು, ಅಳಬಹುದು. ಅತ್ತರೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಜನ ಕಡಿಮೆ. ಯತಿನ್ ಗೋಳಿಬಜೆ ಹೇಳಿದ, ಎರಡು ಚಾ ಹೇಳಿದ. "ಒಂದಕ್ಕೆ ಸಕ್ಕರೆ ಕಡಿಮೆ," ಎಂದು ಅವಳನ್ನು ಕೇಳದೆಯೇ ಸೇರಿಸಿದ. ಅದನ್ನೂ ನೆನಪಿಟ್ಟಿದ್ದನಲ್ಲ ಎಂದು ಅವಳ ಮನಸ್ಸು ಕರಗಿತು.

"ಹಾಡಿನ ಕ್ಲಾಸು ಹೇಗುಂಟು?" ಎಂದು ಕೇಳಿದಳು.

"ಕಬಕದಲ್ಲಿ ಅರುವತ್ತು ಮಕ್ಕಳುಂಟು ಈಗ. ಪುತ್ತೂರಿನಲ್ಲಿ ಇನ್ನೊಂದು ಬ್ಯಾಚ್ ಶುರು ಮಾಡುದು ಅಂತ. ಬೋರ್ಡ್ ನೋಡಿದ್ದಿಯಾ? 'ಶ್ರುತಿಶುದ್ಧ ಗಾಯನ ತರಗತಿ'." ನಕ್ಕ. ಎಡಗಣ್ಣು ಸಣ್ಣದಾಯಿತು. "ಹೇಗೆ, ಹೆಸರು ಒಳ್ಳೇದುಂಟಾ?"

"ಉಂಟು."

"ಅದಲ್ಲ ನಾನು ಹೇಳ್ಬೇಕಂತ ಇದ್ದದ್ದು." ಅವನು ಲೋಟವನ್ನು ಬದಿಗಿಟ್ಟ. "ಅಮ್ಮನ ಹತ್ರ ನಿನ್ನ ವಿಷಯ ಮಾತಾಡಿದ್ದೇನೆ. ಅವರಿಗೆ ಒಪ್ಪಿಗೆ ಉಂಟು. ನಂಗೆ ಬೇರೆ ಯಾರನ್ನೂ ನೋಡ್ಲಿಕ್ಕೆ ಆಗ್ಲಿಲ್ಲ ಪೆಟ್ಟಿಗೆ. ನಿಜ ಹೇಳುದು. ಎಲ್ಲಿ ಹಾಡಿದ್ರೂ ಹಿಂದೆ ಎಡಗಡೆಗೆ ಒಮ್ಮೆ ನೋಡ್ತೇನೆ. ನೀನು ಇರುದಿಲ್ಲ."

ಅವಳ ಕಣ್ಣು ತುಂಬಿತು. ಈ ಮಾತಿಗಾಗಿ ಹನ್ನೆರಡು ವರ್ಷ ಕಾದವಳು, ಈಗ ಅದು ಬಂದಾಗ ಹಾಗೆಯೇ ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಸುಳ್ಳಿನ ಮೇಲೆ ಸಂಸಾರ ಬೇಡ, ಮೊದಲು ಹೇಳಿಬಿಡಬೇಕು ಎಂದುಕೊಂಡಳು.

"ಯತಿನ್, ಒಂದು ವಿಷಯ ಹೇಳ್ತೇನೆ, ಬೇಜಾರು ಮಾಡ್ಬೇಡ. ಆವತ್ತು ಮಂಗಳೂರಿನಲ್ಲಿ ಮೊದಲು ಇಳಿದದ್ದು ನಾನಲ್ಲ."

ಅವನು ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಿದ್ದ.

"ಗೊತ್ತುಂಟು," ಎಂದ.

ಅವಳಿಗೆ ಸರಿಯಾಗಿ ಕೇಳಲಿಲ್ಲವೋ ಏನೋ ಅನಿಸಿತು.

"ಎಂತ ಗೊತ್ತುಂಟು?"

"ಇಳಿದದ್ದು ನಾನು. ನೀನು ನನ್ನೊಟ್ಟಿಗೆ ಬಂದದ್ದು. ಗೊತ್ತುಂಟು ಮಾರಾಯ್ತಿ, ಅಷ್ಟೂ ಗೊತ್ತಾಗುದಿಲ್ವಾ? ಸೆಕೆಂಡ್ ಇಯರಿನಿಂದಲೇ ಗೊತ್ತಿತ್ತು." ಅವನ ಸ್ವರ ಮೃದುವಾಯಿತು, ತುಂಬ ಪ್ರೀತಿಯ ಸಂಗತಿ ಹೇಳುವವನ ಹಾಗೆ. "ನಾನು ಎಲ್ಲಿಗೆ ಬಿದ್ರೂ ನೀನು ಬರ್ತೀಯ ಅಂತ ಧೈರ್ಯ. ಆ ಧೈರ್ಯದಲ್ಲೇ ಅಷ್ಟು ಮೇಲೆ ಹೋಗ್ತಿದ್ದದ್ದು ನಾನು. ಇಲ್ಲದಿದ್ರೆ ಹೋಗ್ತಿದ್ನಾ? ಅದು ಪ್ರೀತಿ ಅಲ್ವಾ?"

ಹೋಟೆಲಿನ ಹುಡುಗ ಬಂದು ಖಾಲಿ ಲೋಟ ತೆಗೆದುಕೊಂಡು ಹೋದ. ಅಕ್ಷಿತಾ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಅವನ ಕೈಲಾಗದ್ದನ್ನು, ಅವನ ಮೌನವನ್ನು, ಬಾರದ ಮೂರನೆಯ ಫೋನನ್ನು ಎಲ್ಲವನ್ನೂ ಅವಳು ಕ್ಷಮಿಸಿದ್ದಳು. ಕ್ಷಮಿಸಿದ್ದು, ಮೊದಲು ಜಾರಿದ್ದು ಯಾರೆಂದು ಅವನಿಗೆ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ.

"ಮತ್ತೆ ಬಸ್ಸಿನಲ್ಲಿ?" ಎಂದಳು. "ಸರ್ ಕೇಳಿದಾಗ?"

"ಆಗ ಹೆದರಿಕೆ ಆಯ್ತು. ಇಪ್ಪತ್ತೊಂದು ವರ್ಷ ನಂಗೆ. ಹೇಳ್ಲಿಕ್ಕೆ ಬಾಯಿ ತೆಗೆಯುವಷ್ಟರಲ್ಲಿ ನೀನೇ ಒಪ್ಪಿಕೊಂಡಿ."

"ನಾನು ಆಮೇಲೆ ಒಪ್ಪಿದ್ದು ಯತಿನ್. ಮೊದಲು ನೀನು ಹೇಳಿದ್ದು."

ಅವನು ತಲೆ ತಗ್ಗಿಸಿದ. ತಪ್ಪು ಅವನ ಮುಖದಲ್ಲಿ ಕಾಣುತ್ತಿತ್ತು, ಅಷ್ಟರಮಟ್ಟಿಗೆ ಅವನು ಕೆಟ್ಟವನಲ್ಲ. "ತಪ್ಪಾಯ್ತು," ಎಂದ. "ಈಗ ನಿನ್ನ ಮುಂದೆ ಕೂತು ಹೇಳ್ತಿದ್ದೇನೆ, ತಪ್ಪಾಯ್ತು. ಇನ್ನು ಇಡೀ ಜೀವನ ಸರಿಮಾಡ್ತೇನೆ. ಸಾಕಲ್ವಾ?"

ಸಾಕು ಎನ್ನಲು ಅವಳಿಗೆ ಆಸೆಯಿತ್ತು. ದೇವರಾಣೆಗೂ ಇತ್ತು. ಅವಳು ಚೀಲದಿಂದ ಒಂಬತ್ತನೆಯ ಪುಟ ತೆಗೆದು ಅವನ ಮುಂದಿಟ್ಟಳು, ಮೇಲೆ ತನ್ನ ಪೆನ್ನನ್ನೂ ಇಟ್ಟಳು.

"ಇಲ್ಲಿ ಬರಿ. ಒಂದೇ ಸಾಲು."

ಅವನು ಪುಟವನ್ನು ನೋಡಿದ. ನಕ್ಕ. ಅವಳು ನಗಲಿಲ್ಲ ಎಂದು ಕಂಡು ನಗುವನ್ನು ನಿಲ್ಲಿಸಿದ.

"ಹೆಸರು ಹಾಕ್ಲಿಲ್ವಲ್ಲಾ ನಾನು."

"ಆಚೆ ಪುಟದಲ್ಲಿ ಪಟ್ಟಿ ಉಂಟು. ಓದುವವರಿಗೆ ಕಣ್ಣುಂಟು."

"ಅದು ಹೌದು. ಆದ್ರೆ..." ಪೆನ್ನನ್ನು ಕೈಗೆ ತೆಗೆದುಕೊಂಡ, ಕ್ಯಾಪ್ ತೆಗೆದ, ಮತ್ತೆ ಹಾಕಿದ. "ಈ ಪುಸ್ತಕ ಪುತ್ತೂರಿನಲ್ಲೆಲ್ಲ ಹೋಗ್ತದೆ ಅಕ್ಷಿತಾ. ಮಕ್ಕಳ ಅಪ್ಪ-ಅಮ್ಮ ಓದ್ತಾರೆ. ಶ್ರುತಿಶುದ್ಧ ಅಂತ ಬೋರ್ಡ್ ಹಾಕಿದವನಿಗೇ ಶ್ರುತಿ ನಿಲ್ಲುದಿಲ್ಲ ಅಂತ ಗೊತ್ತಾದ್ರೆ ಯಾರು ಕಳಿಸ್ತಾರೆ? ಮದುವೆ ಆದ ಮೇಲೆ ಅದು ನಿಂಗೂ ಸೇರಿದ್ದೇ ಅಲ್ವಾ? ನಿಂಗಾದ್ರೆ ಲೈಬ್ರರಿ ಕೆಲಸ, ಹಾಡಿನದ್ದೆಲ್ಲ ಬಿಟ್ಟಾಯ್ತು. ಆ ಒಂದು ಸಾಲಿನಿಂದ ನಿಂಗೆ ಈಗ ಎಂತ ಹೋಗ್ಲಿಕ್ಕುಂಟು?"

ಅವಳಿಗೆ ಸಿಟ್ಟು ಬರಲಿಲ್ಲ. ತುಂಬ ದಣಿವಾಯಿತು. ಮದುವೆಯ ಮಾತು ಆಡಿದ ಬಾಯಿಯೇ ಇದನ್ನೂ ಆಡಿತ್ತು, ಅದೇ ಮೃದುವಾದ ಸ್ವರದಲ್ಲಿ. ಇವನು ತನ್ನನ್ನು ಪ್ರೀತಿಸುತ್ತಾನೆ, ಅದರಲ್ಲಿ ಸುಳ್ಳಿಲ್ಲ. ಎಡಮೂಲೆಯಲ್ಲಿ ನಿಂತು, ಬಾಯಿ ಮುಚ್ಚಿಕೊಂಡು, ತಾನು ಬಿದ್ದಲ್ಲಿಗೆಲ್ಲ ಬರುವವಳನ್ನು ಪ್ರೀತಿಸುತ್ತಾನೆ. ನಾಳೆ ಕಬಕದ ಮನೆಯಲ್ಲೂ ಅವನಿಗೆ ಬೇಕಾದದ್ದು ಆ ಎಡಮೂಲೆಯವಳೇ. ಅಕ್ಷಿತಾ ಎಂಬ ಬೇರೊಬ್ಬಳು ಇದ್ದಾಳೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ಕೊಡು," ಎಂದು ಅವಳು ಪೆನ್ನನ್ನು ವಾಪಸು ತೆಗೆದುಕೊಂಡಳು.

ಅವನ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಅಂಚಿನ ಖಾಲಿ ಜಾಗದಲ್ಲಿ, ಲೈಬ್ರರಿಯ ರಿಜಿಸ್ಟರಿನಲ್ಲಿ ಬರೆಯುವ ಅದೇ ದುಂಡಗಿನ ಅಕ್ಷರದಲ್ಲಿ ಬರೆದಳು: '2014ರ ಅಂತಿಮ ಸುತ್ತಿನಲ್ಲಿ ಮೊದಲು ಇಳಿದದ್ದು ಮುಂದೆ ನಿಂತು ಹಾಡಿದ ಯತಿನ್. ಅವನ ತಪ್ಪು ಕಾಣದಿರಲಿ ಎಂದು ಗೊತ್ತಿದ್ದೇ ಜೊತೆಗೆ ಇಳಿದವಳು ಶ್ರುತಿ ಹಿಡಿದ ಅಕ್ಷಿತಾ. ಉಳಿದ ಆರು ಮಂದಿ ಇವರನ್ನು ನಂಬಿ ಸೋತರು.'

ಯತಿನ್ ತಲೆಕೆಳಗಾಗಿ ಕಾಣುವ ಅಕ್ಷರಗಳನ್ನು ಒಂದೊಂದಾಗಿ ಓದಿದ. ಮುಖ ಬಿಳುಪಾಯಿತು.

"ನಿನ್ನ ತಪ್ಪನ್ನೂ ಬರೆದಿದ್ದಿ," ಎಂದ.

"ನಾನು ಮಾಡಿದ್ದನ್ನು ಬರೆದದ್ದು. ಫಯಾಝ್ ನನ್ನ ಪರವಾಗಿ ಎದ್ದು ನಿಂತಿದ್ದ. ಅವನನ್ನು ಸುಳ್ಳುಗಾರ ಮಾಡಿ ಕೂರಿಸಿದೆ."

"ಇದು ಪ್ರಿಂಟ್ ಆದ್ರೆ ನಮ್ಮದು ಎಂತ ಉಳಿತದೆ ಅಕ್ಷಿತಾ?" ಅವನು ಮುಂದಕ್ಕೆ ಬಗ್ಗಿದ. "ಇಷ್ಟು ವರ್ಷ ಆದ ಮೇಲೆ ಸಿಕ್ಕಿದ್ದು ನಾವು. ಒಂದು ಸಾಲಿಗೋಸ್ಕರ ಬಿಡ್ತೀಯಾ?"

ಅವಳು ಪುಟವನ್ನು ಮಡಚದೆ, ಜಾಗ್ರತೆಯಿಂದ ಫೈಲಿನೊಳಗೆ ಸೇರಿಸಿದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

"ಈ ಸಾಲನ್ನು ನೀನು ಬರೆದಿದ್ರೆ ಯತಿನ್," ಎಂದಳು, "ನಾನೇ ಹೊಡೆದು ಹಾಕ್ತಿದ್ದೆ. ಯಾರಿಗೂ ಗೊತ್ತಾಗ್ಲಿಕ್ಕೆ ಬಿಡ್ತಿರಲಿಲ್ಲ. ನನ್ನ ಹೆಸರೇ ಇರ್ಲಿ ಅಂತ ಪ್ರೆಸ್ಸಿಗೆ ಕೊಟ್ಟು, ನಿನ್ನೊಟ್ಟಿಗೆ ಬರ್ತಿದ್ದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಕೂಡಲೆ ಮೇಜಿನ ಮೇಲಿಂದ ಕೈ ಚಾಚಿದ.

"ಕೊಡು. ಪೆನ್ನು ಕೊಡು ಮಾರಾಯ್ತಿ, ನಾನೇ ಬರೀತೇನೆ. ಈಗಲೇ ಬರೀತೇನೆ."

"ಬರೆದಾಯ್ತು," ಎಂದು ಅವಳು ಎದ್ದಳು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಪ್ರೆಸ್ಸಿಗೆ ಹೋಗಿ ಫೈಲು ಕೊಟ್ಟು, ಒಂಬತ್ತನೆಯ ಪುಟದ ತಿದ್ದುಪಡಿಯನ್ನು ಎರಡೆರಡು ಸಲ ತೋರಿಸಿ ಹೇಳಿದಳು. ಜಾಲ್ಸೂರಿನ ಬಸ್ಸು ಹೊರಡಲು ನಿಂತಿತ್ತು. ಅದರಲ್ಲಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಪಕ್ಕದ ಹೆಂಗಸು "ಎಂತಾಯ್ತು ಮಗಾ?" ಎಂದು ಬೆನ್ನು ಸವರುವಷ್ಟು ಜೋರಾಗಿ ಅತ್ತಳು.